ಬಳೆ ಅಡವಿಟ್ಟು ವೆಬ್ ಕಲಿಯಬೇಕೆ?

ಅರೆಕೆರೆ ಗೇಟಿನಲ್ಲಿ ಬಸ್ಸಿಗೆ ಕಾಯುವವರಿಗೆ ಓದುವುದಕ್ಕೆ ಬರವಿಲ್ಲ. ಕರೆಂಟು ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ, ಖಾಲಿ ಸೈಟಿನ ಕಾಂಪೌಂಡು, ಎಲ್ಲೆಲ್ಲೂ ಚೀಟಿ. ಪೇಯಿಂಗ್ ಗೆಸ್ಟ್ ಬೇಕೆ? ಬೋರ್‌ವೆಲ್ ಕೊರೆಸಬೇಕೆ? ಮೂಲವ್ಯಾಧಿಗೆ ಮದ್ದು ಬೇಕೆ? ಇವುಗಳ ನಡುವೆ ಇನ್ನೊಂದು: ‘ಮೂರೇ ತಿಂಗಳಲ್ಲಿ ವೆಬ್ ಡೆವಲಪರ್ ಆಗಿ. ನೂರಕ್ಕೆ ನೂರು ಕೆಲಸ ಗ್ಯಾರಂಟಿ.’

ಮೂಲವ್ಯಾಧಿಯ ಚೀಟಿ ಕೂಡ ಗ್ಯಾರಂಟಿ ಕೊಡುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಹೋದ ಯುಗಾದಿ ಕಳೆದ ವಾರ ನಮ್ಮ ಬೀದಿಯ ದಿನಸಿ ಅಂಗಡಿಯವರು ಬೆಲ್ಲ ಕಟ್ಟಿಕೊಡುತ್ತಾ ಕೈ ನಿಲ್ಲಿಸಿ ಕೇಳಿದರು: “ಸಾರ್, ನೀವು ಪೇಪರಿನವರು, ನಾಕು ಕಡೆ ಓಡಾಡ್ತೀರಿ. ಮಗ ಪಿಯುಸಿ ಮುಗಿಸಿ ಮನೇಲವನೆ. ಬಿಟಿಎಂ ಕಡೆ ಯಾವುದೋ ಇನ್‌ಸ್ಟಿಟ್ಯೂಟಂತೆ, ವೆಬ್ ಡಿಸೈನು ಕಲಿಸ್ತಾರಂತೆ. 80 ಸಾವಿರ ಕೇಳ್ತಾವ್ರೆ. ಸೋಮವಾರದೊಳಗೆ ಕಟ್ಟಿದ್ರೆ 10 ಸಾವಿರ ಕಮ್ಮಿಯಂತೆ. ನಮ್ಮನೆಯವಳ ಬಳೆ ಅಡ ಇಡೋಣ ಅಂತಿದೀನಿ. ಇಡಲೋ ಬ್ಯಾಡವೋ?”

“ಸದ್ಯ ಇಡಬೇಡಿ ಯಜಮಾನರೇ” ಎಂದೆ. ಹಾಗೆ ಒಂದೇ ಮಾತಲ್ಲಿ ಹೇಳಿ ಬಂದುಬಿಟ್ಟರೆ ನ್ಯಾಯವಲ್ಲ. ಅಂಥ ಮಕ್ಕಳು ಅರೆಕೆರೆ, ಹುಳಿಮಾವು, ಬಿಳೇಕಹಳ್ಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಅಂಥ ಬಳೆಗಳೂ ಇವೆ. ಆದ್ದರಿಂದ ಈ ಬರಹ.

ಟೈಪಿಂಗ್ ಹೋಯ್ತು, ವೆಬ್ ಬಂತು

ಐವತ್ತು ದಾಟಿದವರಿಗೆ ಇದು ಹೊಸ ಕಥೆಯೇನಲ್ಲ. ಜಯನಗರ, ಬಸವನಗುಡಿಯ ಮಹಡಿಗಳಿಂದ ಟಕಟಕ ಸದ್ದು ಕೇಳುತ್ತಿದ್ದ ಕಾಲ ನೆನಪಿರಬೇಕು. ಟೈಪಿಂಗ್ ಸೀನಿಯರ್ ಪಾಸಾಗಿ, ಜೊತೆಗೆ ಶಾರ್ಟ್‌ಹ್ಯಾಂಡ್ ಇದ್ದರೆ ಕಚೇರಿ ಕೆಲಸಕ್ಕೆ ಅರ್ಜಿ ಹಾಕುವ ಧೈರ್ಯ ಬರುತ್ತಿತ್ತು. 1976ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಹುಟ್ಟಿತು, ಮುಂದೆ ಅದರ ಕಂಪ್ಯೂಟರ್ ತರಬೇತಿ ಊರೂರಿಗೆ ಬಂತು. ತೊಂಬತ್ತರ ದಶಕದಲ್ಲಿ ಡಿಟಿಪಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲದಲ್ಲಿ ಕನ್ನಡ ಪತ್ರಿಕೆಯಾಗಿ ಕಾಣಿಸಿಕೊಂಡಿತು. ಡಾಟ್‌ಕಾಂ ಎಂದರೆ ಚಿನ್ನದ ಗಣಿ ಎಂದು ಎಲ್ಲರೂ ಕುಣಿದರು. 2000ದಿಂದ 2001ರ ಹೊತ್ತಿಗೆ ಆ ಗುಳ್ಳೆ ಒಡೆದು, ಕುಣಿದವರಲ್ಲಿ ಎಷ್ಟೋ ಮಂದಿ ಕೆಲಸ ಕಳಕೊಂಡರು.

ಬೋರ್ಡು ಬದಲಾಗುತ್ತಲೇ ಇರುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಹಳೇ ಟೈಪಿಂಗ್ ಮೇಷ್ಟ್ರು ಬೆರಳಿಗೆ ವೇಗ ಕೊಟ್ಟರು. ಪರೀಕ್ಷೆ ಸರ್ಕಾರದ್ದು, ಕೆಲಸ ಹುಡುಕುವುದು ನಮ್ಮದು. ಅವರು ಯಾರ ಮನೆ ಬಳೆಗೂ ಗ್ಯಾರಂಟಿ ಬರೆದುಕೊಡಲಿಲ್ಲ.

ದರ್ಶಿನಿಯಲ್ಲಿ ಒಂದು ಪಾಠ

ಈ ಡೆವಲಪರ್, ಡಿಸೈನರ್ ಎಂದರೆ ಯಾರು? ಯಾವುದಾದರೂ ದರ್ಶಿನಿಗೆ ಹೋಗಿ ನಿಲ್ಲಿ. ಮುಂದೆ ಬೆಲೆಪಟ್ಟಿ, ಕ್ಯಾಶ್ ಕೌಂಟರು, ನಿಂತು ತಿನ್ನುವ ಮೇಜು. ಗಿರಾಕಿಗೆ ಕಾಣುವುದು ಇಷ್ಟೇ. ವೆಬ್‌ನವರು ಇದನ್ನು ಫ್ರಂಟ್ ಎಂಡ್ ಎನ್ನುತ್ತಾರೆ. ಒಳಗೆ ಅಡುಗೆಮನೆ, ದಿನಸಿ ಕೋಣೆ, ಲೆಕ್ಕದ ಪುಸ್ತಕ. ಅದು ಬ್ಯಾಕ್ ಎಂಡ್. ನೀವು ಕೊಟ್ಟ ಟೋಕನ್ನು ಒಳಗೆ ಸುದ್ದಿ ಮುಟ್ಟಿಸುತ್ತದೆ, ದೋಸೆ ಹೊರಗೆ ಬರುತ್ತದೆ. ಎರಡೂ ಕಡೆ ಕೆಲಸ ಬಲ್ಲವನಿಗೆ ಫುಲ್ ಸ್ಟ್ಯಾಕ್ ಎಂಬ ಬಿರುದು.

ಇನ್ನು ಡಿಸೈನರ್. ಕಾಫಿ ಕೌಂಟರಿನ ಹತ್ತಿರ ನೂಕುನುಗ್ಗಲು ಆಗದಂತೆ ಸಾಲು ಹೇಗೆ ತಿರುಗಬೇಕು, ಕೈ ತೊಳೆಯುವ ಜಾಗ ಎಲ್ಲಿರಬೇಕು, ಬೆಲೆಪಟ್ಟಿ ಎಷ್ಟು ದೂರದಿಂದ ಓದಲು ಬರಬೇಕು ಎಂದು ತಲೆ ಕೆಡಿಸಿಕೊಳ್ಳುವವನು ಅವನು. ಬಣ್ಣ ಬಳಿಯುವುದು ಅವನ ಕೆಲಸದಲ್ಲಿ ಒಂದು ಪಾಲು ಮಾತ್ರ.

ಕಲಿಯುವವನು ಮೊದಲು ಹಿಡಿಯಬೇಕಾದ್ದು ಮೂರು. ಪುಟದ ಗೋಡೆ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ಅಳತೆ-ಅಲಂಕಾರ ಕೊಡುವ ಸಿಎಸ್‌ಎಸ್, ಗುಂಡಿ ಒತ್ತಿದರೆ ಕೆಲಸ ನಡೆಸುವ ಜಾವಾಸ್ಕ್ರಿಪ್ಟ್. ಈ ಮೂರನೆಯದರ ಮೊದಲ ರೂಪವನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬಾತ 10 ದಿನದಲ್ಲಿ ಸಿದ್ಧಮಾಡಿದ. ಮಾಡಿದವನಿಗೆ 10 ದಿನ ಸಾಕಾಯಿತು. ಕಲಿಯುವವರಿಗೆ ತಿಂಗಳುಗಳೇ ಬೇಕು. ಮೂರು ತಿಂಗಳಲ್ಲಿ ಎಲ್ಲವನ್ನೂ ಕಲಿಸಿ ಕುರ್ಚಿಯಲ್ಲಿ ಕೂರಿಸುತ್ತೇವೆ ಎನ್ನುವವರನ್ನು ಈ ಲೆಕ್ಕದಲ್ಲಿ ತೂಗಿ ನೋಡಿ.

ಫೀಸಿಲ್ಲದ ಪಾಠಶಾಲೆ

ಈ ವಿದ್ಯೆಯ ಸ್ವಾರಸ್ಯ ಇಲ್ಲಿದೆ. ವೆಬ್ ಕಲಿಸುವ ಒಳ್ಳೆಯ ಪಾಠಗಳು ವೆಬ್‌ನಲ್ಲೇ ಪುಕ್ಕಟೆ ಬಿದ್ದಿವೆ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಪಾಠ, ಅಭ್ಯಾಸ, ಪ್ರಮಾಣಪತ್ರ ಯಾವುದಕ್ಕೂ ಕಾಸಿಲ್ಲ. ಮೊಜಿಲ್ಲಾದವರ ಎಂಡಿಎನ್ ಈ ಕಸುಬಿನ ನಿಘಂಟು ಇದ್ದಂತೆ, ಹಳಬರೂ ದಿನಾ ತೆರೆದು ನೋಡುತ್ತಾರೆ. ಇಂಗ್ಲಿಷ್ ಎಂದರೆ ಎದೆ ಡವಡವ ಅನ್ನುವವರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಇದೆ. ಅದರ ಎಷ್ಟೋ ಪಾಠಗಳಿಗೆ ಕನ್ನಡ ಧ್ವನಿ ಕೊಟ್ಟಿದ್ದಾರೆ. ಕೇಂದ್ರ ಸರ್ಕಾರದ ‘ಸ್ವಯಂ’ 2017ರಿಂದ ಕಾಲೇಜು ಮೇಷ್ಟ್ರುಗಳ ಪಾಠವನ್ನು ಮನೆಗೆ ತಂದಿದೆ.

ಕಾಗದದ ಮೇಲೆ ಒಂದು ಮುದ್ರೆಯೂ ಬೇಕು ಎನ್ನುವವರಿಗೆ ಐಟಿಐಗಳಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಕಂಪ್ಯೂಟರ್ ಟ್ರೇಡ್ ಇದೆ. ಎಸ್‌ಎಸ್‌ಎಲ್‌ಸಿ ಆದವರು ಸೇರಬಹುದು, ವೆಬ್ ಪುಟ ಮಾಡುವುದೂ ಅದರ ಪಾಠದಲ್ಲಿದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ, ಪಿಯುಸಿ ಆದವರಿಗೆ ಬಿಸಿಎ ಇದ್ದೇ ಇವೆ. ಕಂಪ್ಯೂಟರಿಗೆ ಎಸ್‌.ಪಿ. ರೋಡಿಗೆ ಹೋಗಿ, ತಿಳಿದವರೊಬ್ಬರನ್ನು ಜೊತೆಗೆ ಕರಕೊಂಡು, ಬಿಲ್ ಸಮೇತ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದರೆ ಈ ಕೆಲಸಕ್ಕೆ ಧಾರಾಳ.

ಹಾಗಾದರೆ ಇನ್‌ಸ್ಟಿಟ್ಯೂಟುಗಳೆಲ್ಲ ಮೋಸವೇ? ಛೆ, ಹಾಗಂದವರಾರು! ದಿನಾ ಪಕ್ಕದಲ್ಲಿ ಕೂತು, ಹುಡುಗ ಬರೆದದ್ದನ್ನು ಓದಿ, ತಪ್ಪು ತೋರಿಸುವ ಮೇಷ್ಟ್ರು ಸಿಕ್ಕರೆ ಫೀಸು ಕೊಟ್ಟದ್ದು ದಂಡವಲ್ಲ. ಮನೆಯಲ್ಲಿ ಒಬ್ಬನೇ ಕೂತರೆ ಎರಡನೇ ವಾರಕ್ಕೆ ಕ್ರಿಕೆಟ್ ನೋಡುವ ಮಕ್ಕಳೂ ಇದ್ದಾರೆ. ಕಾಸು ಕೊಡುವುದಾದರೆ ಕಲಿಸುವುದಕ್ಕೆ ಕೊಡಿ, ಗ್ಯಾರಂಟಿಗೆ ಕೊಡಬೇಡಿ.

ಗ್ಯಾರಂಟಿ ಎಂಬ ಗಾಳ

2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸೆಂಟರುಗಳ ಜಾಹೀರಾತಿಗೆ ಮಾರ್ಗಸೂಚಿ ಹೊರಡಿಸಿತು. ಆಯ್ಕೆ ಖಚಿತ, ಕೆಲಸ ಖಚಿತ ಎಂದು ಸುಳ್ಳು ಭರವಸೆ ಕೊಡಬಾರದು, ‘ಇನ್ನೆರಡೇ ಸೀಟು, ಇವತ್ತೇ ಕೊನೆ’ ಎಂದು ಸುಳ್ಳು ಅವಸರ ಹುಟ್ಟಿಸಬಾರದು ಎಂಬುದು ಅದರ ಸಾರ. ಕಾಗದದಲ್ಲಿ ಕಾನೂನು ಇದೆ, ಕಂಬದ ಮೇಲೆ ಚೀಟಿಯೂ ಇದೆ! ಮೋಸ ಹೋದವರು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರು ಹೇಳಬಹುದು.

ಮೋಸ ಹೋಗುವ ಮುಂಚೆ ನಾಲ್ಕು ಕೆಲಸ ಮಾಡಿ. ಒಂದು, ಎರಡು ದಿನ ಕ್ಲಾಸಿನಲ್ಲಿ ಸುಮ್ಮನೆ ಕೂತು ನೋಡಲು ಬಿಡಿ ಎಂದು ಕೇಳಿ. ಎರಡು, ಹೋದ ವರ್ಷ ಕಲಿತು ಹೋದ ಮೂರು ಜನರ ಜೊತೆ ಮಾತಾಡಿಸಿ ಎನ್ನಿ, ಗೋಡೆಯ ಮೇಲಿನ ಫೋಟೋ ಸಾಲದು. ಮೂರು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾಲ್ಕು, ‘ಈಗ ಏನೂ ಕೊಡಬೇಡಿ, ಕಂತಿನಲ್ಲಿ ಕಟ್ಟಿ’ ಎಂದರೆ ಆ ಕಾಗದವನ್ನು ಪೂರ್ತಿ ಓದಿ. ಅದು ಹಲವು ಸಲ ಫೈನಾನ್ಸ್ ಕಂಪನಿಯ ಸಾಲ. ಕ್ಲಾಸು ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ.

ಕಂಬಿ ಹಿಡಿದ ಪರೀಕ್ಷಕರು

ಕೆಲಸ ಕೊಡುವವರು ಕೇಳುವುದು ಏನನ್ನು? ದೊಡ್ಡ ಕಂಪನಿಗಳಲ್ಲಿ ಇವತ್ತಿಗೂ ಡಿಗ್ರಿ ಕೇಳುವುದುಂಟು. ಸಣ್ಣ ಕಂಪನಿಗಳು, ಜಾಹೀರಾತು ಏಜೆನ್ಸಿಗಳು ಕೇಳುವುದು ಒಂದೇ ಮಾತು: ‘ನೀನು ಮಾಡಿದ್ದು ತೋರಿಸು.’ ಬಡಗಿಗೆ ಕುರ್ಚಿ ಹೇಗೋ ಇವರಿಗೆ ಮಾಡಿದ ಸೈಟು ಹಾಗೆ. ನಿಜವಾದ ಜನ ಬಳಸುವ ಮೂರು ಸೈಟು ಕೈಯಲ್ಲಿದ್ದರೆ ಅದು ಮೂವತ್ತು ಸರ್ಟಿಫಿಕೇಟಿಗೆ ಸಮ.

ಆ ಮೊದಲ ಮೂರು ಎಲ್ಲಿ ಸಿಗುತ್ತವೆ? ನಮ್ಮ ಬೀದಿಯಲ್ಲೇ. ಹೂವಿನವರು, ಟೈಲರು, ಸೈಕಲ್ ಷಾಪು, ಮದುವೆ ಅಡುಗೆಯವರು. ಅವರ ಗಿರಾಕಿಗಳು ಸೈಟು ತೆರೆಯುವುದು ಫೋನಿನಲ್ಲಿ. ಒಂದು ಸಂಜೆ ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ಸು ಹತ್ತಿ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು, ಹೆಬ್ಬೆರಳೊಂದೇ ಸ್ವತಂತ್ರ. ನಿಮ್ಮ ಪುಟದ ಗುಂಡಿ ಆ ಹೆಬ್ಬೆರಳಿಗೆ ಸಿಗದಿದ್ದರೆ, ಡೈರಿ ಸರ್ಕಲ್ ದಾಟುವುದರೊಳಗೆ ಪುಟ ತೆರೆಯದಿದ್ದರೆ, ನೀವು ಫೇಲು. ಇವರಿಗಿಂತ ಕಟ್ಟುನಿಟ್ಟಿನ ಪರೀಕ್ಷಕರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

ಉಪ್ಪಿಗೆ ಒತ್ತಿಲ್ಲ!

ಈಗ ಅಂಗಡಿಯವರ ಮಗನ ವಿಷಯಕ್ಕೆ ಬರೋಣ. ಬಳೆ ಪೆಟ್ಟಿಗೆಯಲ್ಲೇ ಉಳಿಯಿತು. ಹುಡುಗ ಮನೆಯಲ್ಲೇ ಕಲಿಯತೊಡಗಿದ. ನಾಲ್ಕನೇ ತಿಂಗಳಿಗೆ ತಂದೆಯ ಅಂಗಡಿಗೇ ಒಂದು ಪುಟ ಮಾಡಿದ, ಕನ್ನಡದಲ್ಲಿ ಬೆಲೆಪಟ್ಟಿ ಸಮೇತ. ಅಪ್ಪ ಹಿಗ್ಗಿ ಬಂದ ಗಿರಾಕಿಗಳಿಗೆಲ್ಲ ತೋರಿಸಿದರು. ಎದುರು ಮನೆ ಅಜ್ಜಿ ಕನ್ನಡಕ ಏರಿಸಿ ಓದಿ ಅಂದರು: “ಇದೇನು ಮಗಾ, ಅಕಿ, ಉಪು, ಸಕರೆ! ಉಪ್ಪಿಗೆ ಒತ್ತೇ ಇಲ್ಲವಲ್ಲೋ?”

ಹುಡುಗ ಪೆಚ್ಚಾದ. ಅಕ್ಷರ ಸರಿಯಾಗಿಯೇ ಇದ್ದವು. ಇಂಗ್ಲಿಷಿನ ಅಳತೆಗೆ ಸಾಲಿನ ಎತ್ತರ ಇಟ್ಟದ್ದರಿಂದ ಕೆಳಗಿನ ಒತ್ತಕ್ಷರ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಸಾಲಿನ ಎತ್ತರ ಹೆಚ್ಚಿಸಿದ, ಒತ್ತು ವಾಪಸು ಬಂತು. ಅಂದಿನಿಂದ ಅವನು ಯಾವ ಕನ್ನಡ ಸೈಟು ಕಂಡರೂ ಮೊದಲು ನೋಡುವುದು ಒತ್ತನ್ನು.

ಸಣ್ಣ ವಿಷಯ ಎನ್ನಬೇಡಿ. ಅವಕಾಶ ಇರುವುದೇ ಇಲ್ಲಿ. 2024ರಿಂದ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು ಕಾಯಿದೆ ಆಗಿದೆ, ಬೀದಿ ತುಂಬ ಬೋರ್ಡು ಬದಲಾದವು. ಅದೇ ಅಂಗಡಿಗಳ ಸೈಟು ತೆರೆದರೆ ಅನೇಕ ಕಡೆ ಒಂದಕ್ಷರ ಕನ್ನಡವಿಲ್ಲ. ಇದ್ದ ಕಡೆ ಒತ್ತು ಕತ್ತರಿಸಿರುತ್ತದೆ, ಇಲ್ಲವೇ ಹಳೇ ಫಾಂಟಿನಲ್ಲಿ ಬರೆದದ್ದು ಯಾವ ಭಾಷೆಯೂ ಅಲ್ಲದ ಗೀಚಾಗಿರುತ್ತದೆ. ಯೂನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲೇ. ಆದರೂ ಹಳೇ ಕಡತಗಳನ್ನು ಅದಕ್ಕೆ ಬದಲಾಯಿಸಿ, ಅಕ್ಷರ ತಿದ್ದಿ, ಓದುವಂತೆ ಕೂರಿಸುವ ಕೈಗಳು ಇನ್ನೂ ಬೇಕು. ಕನ್ನಡ ಬಲ್ಲ ಹುಡುಗ-ಹುಡುಗಿಯರಿಗೆ ಇದು ಕೊರತೆಯಲ್ಲ, ಬಂಡವಾಳ.

ಯಂತ್ರ ಬಂತಲ್ಲ, ಇನ್ನೇನು?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಬಸ್ಸಿನಲ್ಲೂ ಕೇಳುತ್ತದೆ. ನಿಜ, ಸಾದಾ ಪುಟವನ್ನು ಯಂತ್ರ ನಿಮಿಷದಲ್ಲಿ ಬರೆದುಕೊಡುತ್ತದೆ. ಒಂದೇ ಅಚ್ಚಿನ ಪುಟ ಹೊಯ್ದು ಬದುಕುತ್ತೇನೆ ಎನ್ನುವವನಿಗೆ ಕಷ್ಟಕಾಲ. ಹೊಸಬರಿಗೆ ಬಾಗಿಲು ಮೊದಲಿಗಿಂತ ಕಿರಿದಾಗಿದೆ ಎಂಬುದನ್ನು ಮುಚ್ಚಿಡಬಾರದು. ಗ್ಯಾರಂಟಿಯ ಮಾತು ಇನ್ನಷ್ಟು ಪೊಳ್ಳಾಗುವುದೂ ಇದೇ ಕಾರಣಕ್ಕೆ. ಆದರೆ ಯಂತ್ರ ಬರೆದದ್ದು ಸರಿಯೋ ತಪ್ಪೋ ಹೇಳಲು ಬಲ್ಲವನು ಬೇಕು. ಗಿರಾಕಿಯ ಮಾತು ಕೇಳಿ ಅವರಿಗೆ ಬೇಕಾದ್ದೇನು ಎಂದು ತಿಳಿಯುವವನು ಬೇಕು. ಹಣ ಕಟ್ಟುವ ಗುಂಡಿ ರಾತ್ರಿ 9ಕ್ಕೆ ಕೈಕೊಟ್ಟರೆ ಫೋನೆತ್ತುವವನು ಬೇಕು.

ಅಂಗಡಿಯವರಿಗೆ ಎರಡು ಮಾತು

ಸೈಟು ಮಾಡಿಸುವಾಗ ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲೇ ಇರಲಿ, ಪಾಸ್‌ವರ್ಡು ನಿಮ್ಮ ಕೈಲಿರಲಿ. ಅದು ಅಂಗಡಿಯ ಬೀಗದ ಕೈ. ವರ್ಷ ವರ್ಷ ಕಟ್ಟುವ ಬಾಡಿಗೆ ಎಷ್ಟು ಎಂದು ಮೊದಲೇ ಕೇಳಿ. ಹಾಗೆಯೇ, ಬೀದಿಯ ಹುಡುಗ ಮಾಡಿಕೊಟ್ಟರೆ ‘ನಮ್ಮ ಹುಡುಗ ತಾನೇ’ ಎಂದು ಕಾಫಿ ಕುಡಿಸಿ ಕಳಿಸಬೇಡಿ. ಪೇಂಟರಿಗೆ ಕೂಲಿ ಕೊಡುವುದಿಲ್ಲವೇ? ಅರ್ಧ ಮುಂಗಡ, ಅರ್ಧ ಕೆಲಸ ಮುಗಿದ ಮೇಲೆ. ಮಾತು ಚೀಟಿಯ ಮೇಲಿರಲಿ.

ಈಗ ದಸರಾ ಹತ್ತಿರ. ಹುಡುಗನಿಗೆ ಪೂರಾ ಕೆಲಸ ಸಿಕ್ಕಿದೆಯೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಬಿಸಿಎಗೆ ಸೇರಿದ್ದಾನೆ, ಸಂಜೆ ಎರಡು ಅಂಗಡಿಗಳ ಸೈಟು ನೋಡಿಕೊಳ್ಳುತ್ತಾನೆ. ಟೈಲರು ಕೂಲಿ ಕೊಟ್ಟಿದ್ದಾರೆ, ಸೈಕಲ್ ಷಾಪಿನವರು ಹಬ್ಬ ಕಳೆಯಲಿ ಅಂದಿದ್ದಾರೆ. ಮೊನ್ನೆ ಬೆಲ್ಲ ತರಲು ಹೋದಾಗ ಯಜಮಾನರ ಮನೆಯವರು ಗಲ್ಲಾದಲ್ಲಿದ್ದರು. ಚಿಲ್ಲರೆ ಎಣಿಸಿಕೊಟ್ಟ ಕೈಯಲ್ಲಿ ಬಳೆ ಇತ್ತು.