ಕಿತ್ತುಹೋಗುವ ತನಕ ಕಾಯಬೇಡಿ: ಗಿಟಾರ್ ತಂತಿಯ ಸುತ್ತ ಹಬ್ಬಿದ ನಂಬಿಕೆಗಳು

ಹಲಗೂರು ದಾಟಿ ಕಾಡಿನ ದಾರಿ ಹಿಡಿದು ಮುತ್ತತ್ತಿಗೆ ಇಳಿದರೆ, ರಜೆಯ ದಿನ ಕಾವೇರಿ ದಂಡೆಯ ಮತ್ತಿಮರಗಳ ನೆರಳಲ್ಲಿ ಜಾಗ ಸಿಗುವುದೇ ಕಷ್ಟ. ಒಂದು ಕಡೆ ಮುತ್ತೆತ್ತರಾಯನಿಗೆ ಹರಕೆ ತೀರಿಸಿ ಊಟಕ್ಕೆ ಕೂತ ಕುಟುಂಬಗಳು, ಇನ್ನೊಂದು ಕಡೆ ಬೆಂಗಳೂರು, ಮಂಡ್ಯದಿಂದ ಬಂದ ಹುಡುಗರು. ಆ ಹುಡುಗರ ಗುಂಪಿನಲ್ಲಿ ಈಗೀಗ ಒಂದಾದರೂ ಗಿಟಾರ್ ಇರುತ್ತದೆ. ಹೋದ ಸಲ ಅಂಥದ್ದೊಂದನ್ನು ಕೇಳಿ ಪಡೆದು ನುಡಿಸಿದೆ. ಎರಡೇ ನಿಮಿಷಕ್ಕೆ ನನ್ನ ಎಡಗೈ ಬೆರಳ ತುದಿಗಳು ಕಪ್ಪಾದವು.

"ತಂತಿ ಬದಲಾಯಿಸಿ ಎಷ್ಟು ದಿನ ಆಯ್ತಪ್ಪ?"

"ತಗೊಂಡಾಗಿಂದ ಇವೇಯ ಸಾ. ಕಿತ್ತೋಗಿಲ್ವಲ್ಲ!"

ಮದ್ದೂರು ಕಡೆಯ ಆ ಹುಡುಗನದು ತಪ್ಪೇನಿಲ್ಲ. ತಂತಿ ಕಿತ್ತಾಗ ಮಾತ್ರ ಬದಲಿಸಬೇಕು ಎಂದು ನಮ್ಮಲ್ಲಿ ಬಹುಪಾಲು ಜನ ನಂಬಿದ್ದಾರೆ. ಈ ಸೀಮೆಗೆ ತಂತಿ ವಾದ್ಯ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ತಂಬೂರಿ ಮೀಟಿಕೊಂಡು ರಾತ್ರಿಯಿಡೀ ಕಥೆ ಹಾಡಿದ ನೆಲ ಇದು. ಆದರೆ ತಂಬೂರಿಯ ತಂತಿಯನ್ನು ಯಾರೂ ಒತ್ತಿ ಹಿಡಿಯುವುದಿಲ್ಲ, ಬರಿದೇ ಮೀಟುತ್ತಾರೆ. ಶ್ರುತಿ ನಿಂತರೆ ಕೆಲಸ ಆಯಿತು. ಗಿಟಾರಿನ ತಂತಿಯನ್ನು ದಿನಕ್ಕೆ ಸಾವಿರ ಸಲ ಲೋಹದ ಫ್ರೆಟ್ ಮೇಲೆ ಅದುಮುತ್ತೇವೆ. ಒತ್ತಿದಲ್ಲೆಲ್ಲ ತಂತಿಯ ಅಡಿಯಲ್ಲಿ ಸಣ್ಣ ಗುಳಿ ಬೀಳುತ್ತದೆ. ನಂಬಿಕೆ ಇಲ್ಲದವರು ಫ್ರೆಟ್‌ಗಳ ನೇರಕ್ಕೆ ತಂತಿಯ ಕೆಳಗೆ ಉಗುರು ಎಳೆದು ನೋಡಿ, ತಟ್ಟನೆ ತಡೆಯುತ್ತದೆ. ಇದರ ಮೇಲೆ ಬೆವರಿನ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಚರ್ಮದ ಜಿಡ್ಡು ದಪ್ಪ ತಂತಿಗಳ ಸುತ್ತಿನ ಸಂದಿಗೆ ಸೇರಿಕೊಳ್ಳುತ್ತದೆ. ತಂತಿಯ ತೂಕ ಒಂದೊಂದು ಕಡೆ ಒಂದೊಂದು ಥರ ಆದಮೇಲೆ ಅದು ಸಮನಾಗಿ ಕಂಪಿಸಲಾರದು. ಬಿಟ್ಟು ಮೀಟಿದರೆ ಶ್ರುತಿ ಸರಿ, 12ನೇ ಫ್ರೆಟ್‌ನಲ್ಲಿ ಒತ್ತಿದರೆ ಅಪಸ್ವರ. ಕಲಿಯುವ ಮಕ್ಕಳು ಆಗ ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು. ದಿನಾ ಒಂದು ಗಂಟೆ ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ ತಂತಿ ಬದಲಿಸಬೇಕು. ಕೈ ಹೆಚ್ಚು ಬೆವರುವವರಾದರೆ ಇನ್ನೂ ಬೇಗ.

ಇಲ್ಲಿಂದ ಮುಂದಿನ ನಂಬಿಕೆ ಕೊಬ್ಬರಿ ಎಣ್ಣೆಯದು. ವೀಣೆ ನುಡಿಸುವವರು ಎಡಗೈ ಬೆರಳಿಗೆ ಎಣ್ಣೆ ಸವರಿಕೊಳ್ಳುವುದನ್ನು ಕಂಡವರು ಗಿಟಾರಿಗೂ ಅದನ್ನೇ ಹೇಳುತ್ತಾರೆ. ಮೈಸೂರು ಸೀಮೆಯವರಿಗೆ ವೀಣೆಯೆಂದರೆ ಮನೆಯ ಮಾತು, ಹಾಗಾಗಿ ಈ ಸಲಹೆ ಎಲ್ಲರ ಬಾಯಲ್ಲೂ ಇದೆ. ವೀಣೆಯಲ್ಲಿ ಗಮಕಕ್ಕಾಗಿ ತಂತಿಯನ್ನು ಎಳೆಯಬೇಕು, ಬೆರಳು ಉದ್ದಕ್ಕೂ ಜಾರಬೇಕು. ಎಣ್ಣೆ ಅದಕ್ಕೆ ಬೇಕು. ಗಿಟಾರಿನ ಸುತ್ತು ತಂತಿಗೆ ಎಣ್ಣೆ ಹಚ್ಚಿದರೆ ಸಂದಿಯಲ್ಲಿ ಧೂಳು ಅಂಟಿಕೊಂಡು ಒಂದೇ ವಾರಕ್ಕೆ ನಾದ ಮಂಕಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಸೀಮೆಎಣ್ಣೆಯನ್ನಂತೂ ಹತ್ತಿರ ತರಬೇಡಿ. ಬೇಕಾದದ್ದು ಹಳೆಯ ಹತ್ತಿ ಪಂಚೆಯ ಒಂದು ತುಂಡು. ನುಡಿಸಿ ಮುಗಿದ ಕೂಡಲೇ ಆ ಬಟ್ಟೆಯನ್ನು ತಂತಿಗೆ ಕೆಳಗಿನಿಂದ ಮಡಚಿ ಹಿಡಿದು ಕತ್ತಿನ ಮೇಲ್ತುದಿಯ ನಟ್‌ನಿಂದ ಬ್ರಿಡ್ಜ್ ತನಕ ಒಮ್ಮೆ ಎಳೆಯಿರಿ, ಆರಕ್ಕೆ ಆರನ್ನೂ. ಅರ್ಧ ನಿಮಿಷದ ಕೆಲಸ. ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಂಡರೆ ಇನ್ನೂ ಒಳ್ಳೆಯದು.

"ಎಲ್ಲ ತಂತಿಯನ್ನೂ ಒಟ್ಟಿಗೆ ಬಿಚ್ಚಿದರೆ ಕತ್ತು ಬಾಗಿಹೋಗುತ್ತದೆ" ಎನ್ನುವುದು ಪಿಟೀಲಿನಿಂದ ಬಂದ ಭಯ. ಪಿಟೀಲಿನ ಕುದುರೆಯನ್ನು ಹಿಡಿದಿರುವುದು ತಂತಿಗಳ ಬಿಗಿತವೇ. ಎಲ್ಲವನ್ನೂ ಸಡಿಲಿಸಿದರೆ ಕುದುರೆ ಬೀಳುತ್ತದೆ, ಒಳಗಿನ ಊರುಗೋಲೂ ಜಾರಬಹುದು. ಅದಕ್ಕೇ ಪಿಟೀಲಿನವರು ಒಂದೊಂದೇ ತಂತಿ ಬದಲಿಸುತ್ತಾರೆ. ಸಾಮಾನ್ಯ ಅಕೂಸ್ಟಿಕ್ ಗಿಟಾರಿನ ಬ್ರಿಡ್ಜ್ ಅಂಟಿನಿಂದ ಕೂತಿದೆ, ಕತ್ತಿನೊಳಗೆ ಉಕ್ಕಿನ ಸರಳಿದೆ. ಒಂದೆರಡು ಗಂಟೆ ತಂತಿಯಿಲ್ಲದೆ ಇದ್ದರೆ ಏನೂ ಆಗದು. ಆ ಹೊತ್ತಿನಲ್ಲಿ ಫ್ರೆಟ್‌ಬೋರ್ಡಿನ ಕೊಳೆ ತೆಗೆಯುವ ಅವಕಾಶವೂ ಸಿಗುತ್ತದೆ.

ಹೆದರಬೇಕಾದದ್ದಕ್ಕೆ ಮಾತ್ರ ಯಾರೂ ಹೆದರುವುದಿಲ್ಲ! ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕುವುದು. "ಆರು ತಂತಿ ಇದೆ, ಗಿಟಾರ್ ಗಿಟಾರೇ" ಎಂದು ಪೇಟೆಯ ಅಂಗಡಿಯೊಂದರಲ್ಲಿ ನನ್ನ ಮೊದಲ ಗಿಟಾರಿಗೂ ಹೀಗೆ ಹಾಕಿಕೊಟ್ಟಿದ್ದರು. ನಾದ ಜೋರಾಯಿತೆಂದು ನಾನೂ ಹಿಗ್ಗಿದೆ. ಕೆಲವು ತಿಂಗಳಲ್ಲಿ ಬ್ರಿಡ್ಜ್ ಹಿಂದಿನ ಹಲಗೆ ಉಬ್ಬಿತು. ಒಂದು ದಿನ ಮಧ್ಯಾಹ್ನ ಬ್ರಿಡ್ಜೇ ಕಿತ್ತು ಬಂತು, ಅದರ ಬೆನ್ನಿಗೆ ಹಲಗೆಯ ಸಿಬಿರುಗಳೂ. ಲೆಕ್ಕ ಸರಳ. ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕೆ.ಜಿ.; 12ರ ಗೇಜಿನ (ದಪ್ಪದ ಅಳತೆಯ) ಉಕ್ಕಿನ ಸೆಟ್ಟಿನದು 70 ಕೆ.ಜಿ. ಮೀರುತ್ತದೆ. 50 ಕೆ.ಜಿ.ಯ ಒಂದು ಸಿಮೆಂಟ್ ಮೂಟೆಯನ್ನೂ ಹೊರದ ಹಲಗೆಯ ಮೇಲೆ ಸುಮಾರು ಒಂದೂವರೆ ಮೂಟೆ ಹೇರಿದಂತೆ. ಗುರುತು ಹಿಡಿಯುವುದು ಸುಲಭ: ಬ್ರಿಡ್ಜ್‌ನಲ್ಲಿ ತಂತಿಯನ್ನು ಗಂಟು ಹಾಕಿ ಕಟ್ಟಿದ್ದರೆ ಅದು ನೈಲಾನಿನದು, ಆರು ಪಿನ್ ಇದ್ದರೆ ಉಕ್ಕಿನದು. ಅನುಮಾನವಿದ್ದರೆ ಹಾಕಬೇಡಿ.

ಆ ಪಿನ್‌ಗಳ ಬಗ್ಗೆಯೂ ಒಂದು ಮಾತು. ತಂತಿಯನ್ನು ಪಿನ್ ಹಿಡಿದಿದೆ ಎಂದುಕೊಂಡು ಅದನ್ನು ಕುಟ್ಟಿ ಕೂರಿಸುವವರಿದ್ದಾರೆ. ತಂತಿಯನ್ನು ಹಿಡಿದಿರುವುದು ಅದರ ತುದಿಯ ಪುಟ್ಟ ಗುಂಡು. ಅದು ಒಳಗಿನ ಮರದ ಪಟ್ಟಿಯ ಅಡಿಗೆ ಕಚ್ಚಿಕೊಳ್ಳಬೇಕು. ಅದು ಅಲ್ಲಿಂದ ಜಾರದಂತೆ ನೋಡಿಕೊಳ್ಳುವುದಷ್ಟೇ ಪಿನ್ನಿನ ಕೆಲಸ. ಗುಂಡಿನ ಹತ್ತಿರ ತಂತಿಯನ್ನು ಚೂರು ಬಗ್ಗಿಸಿ ತೂತಿಗೆ ಇಳಿಸಿ, ಪಿನ್ ಸೇರಿಸಿ, ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿಕೊಂಡೇ ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಪಟ್ಟಿಗೆ ತಾಗಿ ನಿಂತದ್ದು ಕೈಗೇ ಗೊತ್ತಾಗುತ್ತದೆ. ಮೇಲಿನ ಕೀಲಿಗೆ ಹತ್ತು ಸುತ್ತು ಸುತ್ತಿದರೆ ಭದ್ರ ಎಂಬುದೂ ಸುಳ್ಳು, ಎರಡು ಮೂರು ಸುತ್ತು ಸಾಕು. ಹೆಚ್ಚು ಸುತ್ತಿದಷ್ಟೂ ಸುತ್ತುಗಳು ಕೂತುಕೊಳ್ಳಲು ಹೊತ್ತು ಹಿಡಿಯುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಹೊಸ ತಂತಿಯನ್ನು ಮೆಲ್ಲಗೆ ಎತ್ತಿ ಎಳೆದು ಮತ್ತೆ ಶ್ರುತಿ ಮಾಡಿ. ಮೂರು ನಾಲ್ಕು ಸಲಕ್ಕೆ ನಿಲ್ಲುತ್ತದೆ.

ಹಳೆ ತಂತಿಯನ್ನು ನೀರಲ್ಲಿ ಕುದಿಸಿದರೆ ಹೊಸದಾಗುತ್ತದೆ ಎನ್ನುವುದು ಬೇಸ್ ಗಿಟಾರಿನವರ ಉಪಾಯ. ಅವರ ತಂತಿಗೆ ಬೆಲೆ ಹೆಚ್ಚು. ಕುದಿಸಿದರೆ ಜಿಡ್ಡು ಬಿಡುತ್ತದೆ, ಗುಳಿ ತುಂಬುವುದಿಲ್ಲ, ತುಕ್ಕು ಹೋಗುವುದಿಲ್ಲ. ನಾಲ್ಕು ದಿನದ ಸಂಭ್ರಮ ಅಷ್ಟೆ.

ಕೊಳ್ಳುವಾಗ "ಬ್ರಾಂಜ್ ಅಂದರೆ ಕಂಚು" ಎಂದು ಮೋಸಹೋಗದಿರಿ. ಪೊಟ್ಟಣದ ಮೇಲೆ 80/20 ಬ್ರಾಂಜ್ ಎಂದಿದ್ದರೆ ಅದು 80 ಪಾಲು ತಾಮ್ರ, 20 ಪಾಲು ಸತು, ಅಂದರೆ ನಮ್ಮ ಬಿಂದಿಗೆಯ ಹಿತ್ತಾಳೆ. ತಾಮ್ರಕ್ಕೆ ತವರ ಸೇರಿದ ನಿಜವಾದ ಕಂಚು ಇರುವುದು ಫಾಸ್ಫರ್ ಬ್ರಾಂಜ್‌ನಲ್ಲಿ; ಡಿ'ಅಡಾರಿಯೋ ಕಂಪನಿ ಅದನ್ನು 1974ರಲ್ಲಿ ಗಿಟಾರಿಗೆ ತಂದಿತು. ಹಿತ್ತಾಳೆಯದು ಮೊದಲು ಥಳಥಳ ನುಡಿದು ಬೇಗ ಮಂಕಾಗುತ್ತದೆ, ಕಂಚಿನದು ಬೆಚ್ಚಗೆ ನುಡಿದು ಸ್ವಲ್ಪ ಹೆಚ್ಚು ಬಾಳುತ್ತದೆ. ಬೆವರುವ ಕೈಗೆ ನಾನು ಹೇಳುವುದು ಎರಡನೆಯದನ್ನೇ.

ಮತ್ತೆ ಮುತ್ತತ್ತಿಗೆ ಬರೋಣ. ಹೊಳೆಯ ನೀರಲ್ಲಿ ಅದ್ದಿದ ಕೈಯಲ್ಲಿ ಗಿಟಾರ್ ಮುಟ್ಟಬೇಡಿ, ಮರಳಿನ ಮೇಲೆ ಮಲಗಿಸಬೇಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಲೇಬೇಡಿ. ಅಂಟು ಮೆದುವಾಗಿ ಬ್ರಿಡ್ಜ್ ಏಳುತ್ತದೆ. ಸುತ್ತ ಇರುವುದು ಕಾವೇರಿ ವನ್ಯಜೀವಿ ಧಾಮ, ಮೆಲುದನಿಯಲ್ಲಿ ನುಡಿಸಿ. ಇನ್ನೊಂದು ಬೇಡಿಕೆ. ಅಂದು ಆ ಹುಡುಗನ ಗಿಟಾರಿಗೆ ನನ್ನ ಚೀಲದಲ್ಲಿದ್ದ ಸೆಟ್ ಹಾಕಿಕೊಟ್ಟಾಗ ಅವನ ಗೆಳೆಯ ಕತ್ತರಿಸಿದ ತುದಿಗಳನ್ನು ದಂಡೆಗೆ ಎಸೆಯಲು ಹೊರಟಿದ್ದ. ತಡೆದೆ. ಸೂಜಿಯಷ್ಟು ಚೂಪಾದ ಉಕ್ಕು ಅದು. ಹೊಳೆಯಲ್ಲಿ ಮಿಂದು ಬರಿಗಾಲಲ್ಲಿ ಗುಡಿಗೆ ನಡೆಯುವವರ ಕಾಲಿಗೂ, ಎಂಜಲೆಲೆ ಹುಡುಕುವ ಕೋತಿಯ ಬಾಯಿಗೂ ಅದು ಸಿಕ್ಕಬಾರದು. ಹಳೆ ತಂತಿಯನ್ನು ಬಳೆಯಂತೆ ಸುತ್ತಿ, ತುಂಡುಗಳನ್ನು ಹೊಸ ತಂತಿಯ ಪೊಟ್ಟಣದೊಳಗೇ ಹಾಕಿ, ದಯವಿಟ್ಟು ಮನೆಗೆ ತನ್ನಿ.