ಯಾವ ಕಾಡು, ಯಾವ ಕಾಲ?

ಯಾತ್ರೆಗೆ ಹೊರಟವರಿಗೆ ಎಷ್ಟು ಕ್ಷೇತ್ರಗಳನ್ನು ಕಂಡೆವೆಂಬ ಲೆಕ್ಕದಲ್ಲಿ ಒಂದು ವಿಚಿತ್ರ ಮೋಹವುಂಟು. ಕಾಶಿ, ಗಯೆ, ಪ್ರಯಾಗಗಳಿಗೆಂದು ಹೊರಟವರು ದಿನ ಉಳಿದೀತೆಂಬ ಆಸೆಯಿಂದ ಮಥುರೆಯನ್ನೂ ಹರಿದ್ವಾರವನ್ನೂ ಸೇರಿಸಿಕೊಂಡು, ಹಿಂದಿರುಗುವಾಗ ಗಂಗೆಯ ತಂಬಿಗೆಯ ಜೊತೆಗೆ ದಣಿವಿನ ಗಂಟನ್ನೂ ಹೊತ್ತು ತರುತ್ತಾರೆ. ವನಯಾತ್ರೆಗೂ ಈ ಮೋಹ ತಪ್ಪಿದ್ದಲ್ಲ. ಪೂರ್ವ ಆಫ್ರಿಕದ ಭೂಪಟವನ್ನು ಮುಂದೆ ಹರಡಿಕೊಂಡು ಕುಳಿತವರ ಬೆರಳು ಸೆರೆಂಗೆಟಿಯಿಂದ ಮಸಾಯಿ ಮಾರಕ್ಕೆ, ಅಲ್ಲಿಂದ ಅಂಬೊಸೇಲಿಗೆ, ಅಲ್ಲಿಂದ ತ್ಸಾವೊಗೆ ಸಲೀಸಾಗಿ ನೆಗೆಯುತ್ತದೆ. ಭೂಪಟದಲ್ಲಿ ಅವೆಲ್ಲ ಒಂದು ಗೇಣಿನೊಳಗಿವೆ. ನೆಲದ ಮೇಲೆ ಅವುಗಳ ನಡುವೆ ದಿನಗಟ್ಟಲೆಯ ಧೂಳಿದೆ.

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಬೊಮ್ಮಸಂದ್ರದ ಕಾರ್ಖಾನೆಗಳನ್ನೂ ದಾಟಿದರೆ ಚಂದಾಪುರ ಸಿಗುತ್ತದೆ. ಆನೇಕಲ್ಲಿನ ಕಡೆಗೆ ರಸ್ತೆ ಕವಲೊಡೆಯುವ ಈ ಊರಿನಲ್ಲಿ ಇಂದು ದುಡಿಮೆಗಾಗಿ ನಾಲ್ಕು ದಿಕ್ಕುಗಳಿಂದ ಬಂದು ನೆಲೆನಿಂತ ಸಂಸಾರಗಳು ತುಂಬಿವೆ. ೨೦೨೫ರ ಆಗಸ್ಟ್ ತಿಂಗಳಿನಿಂದ ಮೆಟ್ರೊ ರೈಲು ಬೊಮ್ಮಸಂದ್ರದವರೆಗೂ ಬರುತ್ತಿದೆ. ದೂರದೇಶದ ವನಯಾತ್ರೆಯು ಇಂತಹ ಊರಿನ ಕೆಲವು ಮನೆಗಳಿಗಾದರೂ ಈಗ ಕನಸಿನ ಮಾತಾಗಿ ಉಳಿದಿಲ್ಲ. ಆದರೆ ಅದು ಹಲವು ವರ್ಷಗಳ ಉಳಿತಾಯವನ್ನು ಹತ್ತು ದಿನಗಳ ರಜೆಯಲ್ಲಿ ಸುರಿಯುವ ಕಾರ್ಯ. ಆದುದರಿಂದ ಯಾವ ಕಾಡನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿಯೇ ವಿಚಾರಿಸುವುದು ಲೇಸು.

'ಸಫಾರಿ' ಎಂಬುದು ಸ್ವಾಹಿಲಿ ನುಡಿಯ ಮಾತು. ಪ್ರಯಾಣವೆಂದೇ ಅದರ ಅರ್ಥ. ಅರಬಿಯ 'ಸಫರ್' ಅದರ ಮೂಲ. ಉರ್ದುವಿನ ನೆರೆಯಲ್ಲಿ ಬಾಳಿದ ನಮಗೆ ಆ ಶಬ್ದ ಅಪರಿಚಿತವೇನೂ ಅಲ್ಲ. ಆ ಸೀಮೆಯಲ್ಲಾದರೋ ಮನುಷ್ಯರಿಗಿಂತ ಮೊದಲು ಪ್ರಯಾಣ ಹೊರಟವು ಮೃಗಗಳು. ಗೂಳಿಯ ಮುಖವೂ ಕುದುರೆಯ ಬಾಲವೂ ಉಳ್ಳ ವೈಲ್ಡ್‌ಬೀಸ್ಟ್ ಎಂಬ ಎರಳೆಗಳು ಹತ್ತು ಲಕ್ಷಕ್ಕೂ ಮಿಕ್ಕಿ, ಜೀಬ್ರಾಗಳನ್ನು ಜೊತೆಗೂಡಿಸಿಕೊಂಡು, ಮಳೆಯ ಜಾಡು ಹಿಡಿದು ವರ್ಷವಿಡೀ ಸುತ್ತುತ್ತವೆ. ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ಅವು ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಮರಿ ಹಾಕುತ್ತವೆ. ಅಲ್ಲಿನ ಹುಲ್ಲು ಗಿಡ್ಡ. ಆದರೆ ಪ್ರಾಚೀನ ಜ್ವಾಲಾಮುಖಿಗಳ ಬೂದಿಯಲ್ಲಿ ಬೆಳೆದುದರಿಂದ ಹಾಲೂಡುವ ತಾಯಿಗೆ ಬೇಕಾದ ಸುಣ್ಣ, ರಂಜಕಗಳು ಅದರಲ್ಲಿ ಧಾರಾಳವಾಗಿವೆ. ಮಳೆ ನಿಂತು ಬಯಲು ಒಣಗಿದೊಡನೆ ಹಿಂಡುಗಳು ಪಶ್ಚಿಮಕ್ಕೆ ಹೊರಳಿ, ಜುಲೈಯಿಂದ ಅಕ್ಟೋಬರಿನ ವೇಳೆಗೆ ಉತ್ತರದ ಮಾರ ನದಿಯನ್ನು ಮೊಸಳೆಗಳ ಬಾಯಿ ತಪ್ಪಿಸಿಕೊಂಡು ದಾಟುತ್ತವೆ. ಮತ್ತೆ ಮಳೆ ಬಿದ್ದಾಗ ದಕ್ಷಿಣಕ್ಕೆ ಮರಳುತ್ತವೆ.

ಹೀಗಿರಲು, 'ಸೆರೆಂಗೆಟಿ ಚೆನ್ನೋ, ಮಸಾಯಿ ಮಾರ ಚೆನ್ನೋ' ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಹೋಗುವ ತಿಂಗಳು ಯಾವುದೆಂದು ಮೊದಲು ಹೇಳಬೇಕು. ನಮ್ಮ ಶಾಲೆಗಳ ದೊಡ್ಡ ರಜೆ ಬರುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ. ಪೂರ್ವ ಆಫ್ರಿಕದಲ್ಲಿ ಅದು ದೀರ್ಘ ಮಳೆಯ ಕಾಲ. ಹುಲ್ಲು ಎತ್ತರ, ಹಾದಿ ಕೆಸರು, ನೀರು ಎಲ್ಲೆಡೆಯೂ ಇರುವುದರಿಂದ ಮೃಗಗಳು ಚದುರಿರುತ್ತವೆ. ದಸರೆಯ ರಜೆಯಲ್ಲಿ ಹೋಗುವವರಿಗೆ ಮಾರ ಪ್ರದೇಶ ಒಪ್ಪುತ್ತದೆ. ಟಾಂಜಾನಿಯದ ತರಂಗಿರೆಯೂ ಒಪ್ಪುತ್ತದೆ. ಬೇಸಗೆಯ ಕೊನೆಯಲ್ಲಿ ತರಂಗಿರೆ ನದಿಯೊಂದರಲ್ಲೇ ನೀರು ನಿಂತಿರುವಾಗ ಸುತ್ತಲ ಸೀಮೆಯ ಆನೆಗಳು ಅಲ್ಲಿ ಕೂಡುತ್ತವೆ. ಅಲ್ಲಿನ ಹೊಟ್ಟೆ ಉಬ್ಬಿದ ಬಾವೋಬಾಬ್ ಮರಗಳನ್ನು ಕಂಡು ಕನ್ನಡಿಗನು ಬೆರಗಾಗಬೇಕಾದ ಕಾರಣವಿಲ್ಲ. ಸವಣೂರಿನಲ್ಲಿ ದೊಡ್ಡ ಹುಣಸೆಮರಗಳೆಂದು ಹೆಸರಾದವು ಇದೇ ಜಾತಿಯವು. ಇನ್ನು ಸಂಕ್ರಾಂತಿ ಕಳೆದ ಮೇಲೆ ಹೊರಡುವವರು ದಕ್ಷಿಣದ ಬಯಲನ್ನೂ ಅದರ ಪಕ್ಕದ ಎನ್‌ಗೊರೊಂಗೊರೊವನ್ನೂ ಆರಿಸಿಕೊಳ್ಳುವುದು ಯುಕ್ತ.

ಕಾಲದ ನಂತರದ ವಿಚಾರ ದೂರದ್ದು. ಸೆರೆಂಗೆಟಿಯೂ ಮಾರವೂ ಒಂದೇ ಬಯಲಿನ ಎರಡು ತುಂಡುಗಳು; ನಡುವೆ ಇರುವುದು ಮನುಷ್ಯರು ಗೆರೆ ಎಳೆದ ಗಡಿ. ಮೃಗಗಳು ಅದನ್ನು ಲೆಕ್ಕಿಸದೆ ದಾಟುತ್ತವೆ. ಪ್ರವಾಸಿಯಾದರೋ ಅಲ್ಲೇ ದಾಟುವಂತಿಲ್ಲ. ಬಹಳ ಸುತ್ತಿ ಬೇರೆ ಠಾಣೆಯಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕು. ಒಂದು ವಾರದಲ್ಲಿ ಐದು ಉದ್ಯಾನಗಳನ್ನು ಸೇರಿಸಿಕೊಂಡವನು ಹೆಚ್ಚಾಗಿ ನೋಡುವುದು ರಸ್ತೆಯನ್ನು. ಒಂದೇ ಕಡೆ ಮೂರು ರಾತ್ರಿ ತಂಗಿದವನಿಗೆ ನಿನ್ನೆ ಕಂಡ ಸಿಂಹಿಣಿ ಇಂದು ಎಲ್ಲಿ ಮಲಗಿದೆ ಎಂಬುದು ತಿಳಿಯುತ್ತದೆ. ನೋಟ ಪರಿಚಯವಾಗುವುದು ಅಲ್ಲಿಂದಲೇ. ಎರಡು ಕಾಡು, ಹೆಚ್ಚೆಂದರೆ ಮೂರು, ಸಾಕು.

ಇದೇ ನ್ಯಾಯ ನಮ್ಮ ನಾಡಿಗೂ ಅನ್ವಯಿಸುತ್ತದೆ. ಆಫ್ರಿಕಕ್ಕೆ ಒದಗದ ಏಪ್ರಿಲ್–ಮೇ ತಿಂಗಳುಗಳೇ ಕಬಿನಿಯ ಉತ್ಕೃಷ್ಟ ಕಾಲ. ೧೯೭೪ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರು ನಾಗರಹೊಳೆಗೂ ಬಂಡೀಪುರಕ್ಕೂ ನಡುವೆ ಹರಡಿದೆ. ಬೇಸಗೆಯಲ್ಲಿ ಆ ನೀರು ಹಿಂದೆ ಸರಿದಂತೆ ತೇವದ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಒಳಗಿನ ಹಳ್ಳಕೊಳ್ಳಗಳು ಬತ್ತಿದಾಗ ಎರಡು ಕಾಡುಗಳ ಆನೆಗಳೂ ಅಲ್ಲಿಗೆ ಇಳಿದುಬರುತ್ತವೆ. ತರಂಗಿರೆಯ ಆನೆಗಳನ್ನು ನದಿ ಕೂಡಿಸಿದರೆ, ಕಬಿನಿಯವನ್ನು ಮನುಷ್ಯ ಕಟ್ಟಿದ ಕಟ್ಟೆ ಕೂಡಿಸಿದೆ. ಕಾಡನ್ನು ಮುಳುಗಿಸಿದ ನೀರೇ ಉಳಿದ ಕಾಡಿಗೆ ಬೇಸಗೆಯ ಆಸರೆಯಾದದ್ದು ಯೋಚನೆಗೆ ಹಚ್ಚುವ ಸಂಗತಿ.

ಮೃಗಗಳನ್ನು ಮಾತ್ರ ನೋಡಿ ಬರುವವರಿಗೆ ಇಷ್ಟು ಸಾಕು. ಆದರೆ ಕಾಡೆಂದರೆ ಅದರ ಜನವೂ ಹೌದು. ೧೯೫೧ರಲ್ಲಿ ಸ್ಥಾಪಿತವಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ೧೯೫೯ರಲ್ಲಿ ವಿಭಾಗಿಸಿದರು. ಸೆರೆಂಗೆಟಿಯಲ್ಲಿ ಮನುಷ್ಯವಾಸ ಕೂಡದೆಂದೂ, ಎನ್‌ಗೊರೊಂಗೊರೊದಲ್ಲಿ ಮಸಾಯಿ ಜನರು ದನ ಮೇಯಿಸಿಕೊಂಡು ಮೃಗಗಳೊಡನೆ ಬಾಳಬಹುದೆಂದೂ ಗೊತ್ತಾಯಿತು. ೨೦೨೨ರಿಂದೀಚೆಗೆ ಅವರನ್ನು ಅಲ್ಲಿಂದಲೂ ದೂರದ ಮ್ಸೊಮೆರಕ್ಕೆ ಸಾಗಿಸುವ ಯತ್ನ ನಡೆದು ದೊಡ್ಡ ವಿವಾದವಾಗಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟ ಹುಲಿರಕ್ಷಿತಾರಣ್ಯವಾದದ್ದು ೨೦೧೧ರಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗರ ಸಮುದಾಯದ ಅರಣ್ಯಹಕ್ಕುಗಳಿಗೆ ಮನ್ನಣೆ ದೊರೆಯಿತು. ಎನ್‌ಗೊರೊಂಗೊರೊವನ್ನು ಆರಿಸಿಕೊಳ್ಳುವವರು ಬಿಳಿಗಿರಿಯನ್ನೂ ಒಮ್ಮೆ ಹೊಕ್ಕು ಬಂದಿದ್ದರೆ, ಎರಡನ್ನೂ ಹೆಚ್ಚು ಚೆನ್ನಾಗಿ ಅರಿತಾರು.

ಇಷ್ಟು ಹೇಳಿದ ಮೇಲೆ, ಸಾಮಾನ್ಯವಾಗಿ ಯಾರೂ ದೊಡ್ಡದೆಂದು ಎಣಿಸದ ಒಂದು ಹೆಸರನ್ನು ಚಂದಾಪುರದ ಯಾತ್ರಿಕರ ಪಟ್ಟಿಗೆ ಸೇರಿಸಬೇಕೆಂದು ನನ್ನ ಸೂಚನೆ. ಅದು ನೈರೋಬಿ ರಾಷ್ಟ್ರೀಯ ಉದ್ಯಾನ. ೧೯೪೬ರಲ್ಲಿ ಸ್ಥಾಪಿತವಾದ ಇದು ಕೀನ್ಯದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ ಕೇವಲ ೧೧೭ ಚದರ ಕಿಲೋಮೀಟರು. ರಾಜಧಾನಿಯ ಅಂಚಿಗೇ ತಗುಲಿಕೊಂಡಿರುವ ಈ ಬಯಲಿನಲ್ಲಿ ಖಡ್ಗಮೃಗವೂ ಜಿರಾಫೆಯೂ ಮೇಯುತ್ತಿರುವಾಗ ಹಿನ್ನೆಲೆಯಲ್ಲಿ ಉಪ್ಪರಿಗೆಗಳ ಸಾಲು ಕಾಣಿಸುತ್ತದೆ. ೨೦೧೯ರಲ್ಲಿ ಆರಂಭವಾದ ರೈಲುಹಾದಿಯೊಂದು ಎತ್ತರದ ಕಂಬಗಳ ಮೇಲೆ ಉದ್ಯಾನವನ್ನೇ ಹಾದುಹೋಗುತ್ತದೆ. ಪ್ರವಾಸಿಗಳು ಇದನ್ನು ವಿಮಾನ ಹಿಡಿಯುವ ಮುನ್ನ ಅರ್ಧ ದಿನ ಕಳೆಯುವ ತಾಣವೆಂದೇ ಬಗೆಯುವುದುಂಟು. ಆದರೆ ನಮಗೆ ಅದರಲ್ಲಿ ಕಲಿಯುವುದಿದೆ.

ಆ ಉದ್ಯಾನಕ್ಕೆ ನಗರದ ಕಡೆಯ ಮೂರು ದಿಕ್ಕುಗಳಲ್ಲಿ ಬೇಲಿ. ದಕ್ಷಿಣ ದಿಕ್ಕು ತೆರೆದಿದೆ. ಮಳೆಗಾಲದಲ್ಲಿ ಮೃಗಗಳು ಆ ತೆರೆದ ದಿಕ್ಕಿನಿಂದ ಕಿಟೆಂಗೆಲದ ಬಯಲಿಗೆ ಹೋಗಿ, ನೀರು ಬತ್ತಿದಾಗ ಮರಳುವುದು ಹಿಂದಿನ ರೂಢಿ. ಆ ಬಯಲಿನಲ್ಲಿ ಇಂದು ಕಾರ್ಖಾನೆ, ನಿವೇಶನ, ತಂತಿಬೇಲಿಗಳು ಬೆಳೆದಿವೆ. ಸಿಂಹಗಳು ದನಕ್ಕೆ ಬೀಳುತ್ತವೆ. ಬೇಲಿ ಹಾಕದೆ ಬಿಟ್ಟ ನೆಲಕ್ಕೆ ಎಕರೆಗೆ ಇಷ್ಟೆಂದು ಒಡೆಯರಿಗೆ ಹಣ ಕೊಡುವ ಏರ್ಪಾಡನ್ನು ಅಲ್ಲಿ ಮಾಡಿ ನೋಡಿದರು. ರಿಚರ್ಡ್ ತುರೆರೆ ಎಂಬ ಮಸಾಯಿ ಬಾಲಕನು ತನ್ನ ಮನೆಯ ದೊಡ್ಡಿಯ ಸುತ್ತ ಮಿಣುಕುವ ದೀಪಗಳನ್ನು ಕಟ್ಟಿ, ಯಾರೋ ಕಾವಲು ತಿರುಗುತ್ತಿದ್ದಾರೆಂದು ಸಿಂಹಗಳಿಗೆ ಭ್ರಮೆ ಹುಟ್ಟಿಸಿದ. ಆ ಉಪಾಯವನ್ನು ಬೇರೆಯವರೂ ಕೈಗೊಂಡರು.

ಈಗ ಚಂದಾಪುರದಿಂದ ಪಶ್ಚಿಮಕ್ಕೆ ನೋಡೋಣ. ಜಿಗಣಿಯ ಆಚೆಗೆ ಬನ್ನೇರುಘಟ್ಟವಿದೆ. ಬಸ್ಸಿನಲ್ಲಿ ಕುಳಿತು ಸಿಂಹ, ಹುಲಿಗಳನ್ನು ಕಂಡುಬಂದವರು ಬನ್ನೇರುಘಟ್ಟವನ್ನು ನೋಡಿಯಾಯಿತೆಂದು ತಿಳಿಯುತ್ತಾರೆ. ಅವರು ಕಂಡದ್ದು ಬೇಲಿಯೊಳಗಿನ ಜೈವಿಕ ಉದ್ಯಾನವನ್ನು. ೧೯೭೪ರಲ್ಲಿ ಘೋಷಿತವಾಗಿ, ಮುಂದೆ ೨೬೦.೫೧ ಚದರ ಕಿಲೋಮೀಟರಿಗೆ ವಿಸ್ತರಿಸಿದ ರಾಷ್ಟ್ರೀಯ ಉದ್ಯಾನ ಅದರ ಬೆನ್ನ ಹಿಂದಿದೆ. ಉತ್ತರ–ದಕ್ಷಿಣವಾಗಿ ಚಾಚಿ, ಕೆಲವೆಡೆ ತೀರ ಕಿರಿದಾಗಿರುವ ಆ ಕಾಡು, ದಕ್ಷಿಣದಲ್ಲಿ ತಮಿಳುನಾಡಿನ ತಳಿ, ಜವಳಗಿರಿಯ ಅರಣ್ಯಗಳನ್ನೂ ಕಾವೇರಿಯ ಕಾಡುಗಳನ್ನೂ ಕೂಡಿಕೊಳ್ಳುತ್ತದೆ. ನೈರೋಬಿಯಂತೆ ಇದಕ್ಕೂ ಒಂದು ಕಡೆ ನಗರ, ದಕ್ಷಿಣದ ಕಡೆ ತೆರೆದ ಬಾಗಿಲು.

ಆ ಬಾಗಿಲಿನಿಂದ ಬರುವವು ಆನೆಗಳು. ಕರಡಿಕಲ್ಲು–ಮಹದೇಶ್ವರದ ಆನೆದಾರಿ ಈ ಕಾಡಿನ ತುಂಡುಗಳನ್ನು ಬೆಸೆಯುವ ಎಳೆಗಳಲ್ಲಿ ಒಂದು. ರಾಗಿಯ ತೆನೆ ಬಲಿಯುವ ಕಾಲಕ್ಕೆ ಅವು ಹೊಲಕ್ಕಿಳಿಯುತ್ತವೆ. ರೈತನು ಅಟ್ಟಣೆಯ ಮೇಲೆ ರಾತ್ರಿಯಿಡೀ ಎಚ್ಚರವಿರುತ್ತಾನೆ. ಕಂದಕ, ಸೌರಬೇಲಿ, ರೈಲುಕಂಬಿಯ ತಡೆ ಇವೆಲ್ಲ ಬಂದಿವೆ. ಎಂದಿದ್ದರೂ ಹಸಿದ ಆನೆಗೆ ದಾರಿ ಬೇಕು, ಬೆಳೆದವನಿಗೆ ಬೆಳೆ ಬೇಕು. ಉದ್ಯಾನದ ಸುತ್ತಲಿನ ಪರಿಸರಸೂಕ್ಷ್ಮ ವಲಯವು ೨೦೧೬ರ ಕರಡಿನಲ್ಲಿ ೨೬೮.೯೬ ಚದರ ಕಿಲೋಮೀಟರಿದ್ದುದು, ೨೦೨೦ರ ಅಧಿಸೂಚನೆಯಲ್ಲಿ ೧೬೮.೮೪ಕ್ಕೆ ಇಳಿಯಿತು. ಬಿಟ್ಟುಹೋದ ಆ ನೂರು ಚದರ ಕಿಲೋಮೀಟರಿನ ಮಾತು ಆಫ್ರಿಕದ್ದಲ್ಲ. ನಮ್ಮ ತಾಲ್ಲೂಕಿನ ಮತ್ತು ನೆರೆಯ ತಾಲ್ಲೂಕುಗಳ ಹೊಲ, ಕಲ್ಲುಗಣಿ, ನಿವೇಶನಗಳ ಮಾತು.

ದೂರದ ಕಾಡಿಗೆ ಹೋಗಬಾರದೆಂದು ಇದರ ಅಭಿಪ್ರಾಯವಲ್ಲ. ಮಸಾಯಿ ಬಯಲಿನಲ್ಲಿ ದಿಗಂತದವರೆಗೆ ನಡೆದಿರುವ ಹಿಂಡನ್ನು ನೋಡುವ ಭಾಗ್ಯ ನಮ್ಮ ಮಕ್ಕಳಿಗೆ ಬರಲಿ. ಆದರೆ ಆ ಪಯಣದ ಪಟ್ಟಿಯಲ್ಲಿ ಕಾಲಕ್ಕೆ ಒಪ್ಪುವ ಒಂದೆರಡು ಬಯಲುಗಳ ಜೊತೆಗೆ, ನಗರದ ಬಾಗಿಲಿನಲ್ಲಿ ಉಸಿರು ಹಿಡಿದು ನಿಂತಿರುವ ಆ ಪುಟ್ಟ ಉದ್ಯಾನಕ್ಕೂ ಒಂದು ಇಡೀ ದಿನ ಸಲ್ಲಲಿ. ದಕ್ಷಿಣದ ತೆರೆದ ಗಡಿ ಮುಚ್ಚಿಹೋದರೆ ಕಾಡು ಏನಾಗುತ್ತದೆಂಬುದನ್ನು ಅಲ್ಲಿ ನಿಂತು ಯೋಚಿಸಿದವರು, ಊರಿಗೆ ಮರಳಿದ ಮೇಲೆ ಜಿಗಣಿಯ ಆಚೆಯ ಗುಡ್ಡಸಾಲನ್ನು ರಜಾದಿನದ ಮನರಂಜನೆಯೆಂದು ಮಾತ್ರ ಕಾಣಲಾರರು. ಶಾಲೆಯ ಉಪಾಧ್ಯಾಯರು ಆನೇಕಲ್ ತಾಲ್ಲೂಕಿನ ಭೂಪಟವನ್ನು ಗೋಡೆಗೆ ತೂಗುಹಾಕಿದಾಗ, ರಸ್ತೆ, ಕೆರೆ, ಕಾರ್ಖಾನೆಗಳ ನಡುವೆ ಆನೆಯ ದಾರಿಯನ್ನೂ ಒಂದು ಗೆರೆಯಾಗಿ ಎಳೆದು ತೋರಿಸಲಿ. ಯಾವ ಕಾಡನ್ನು ಮೊದಲು ಸೇರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವನ್ನು ಆ ಮಕ್ಕಳೇ ಹೇಳಿಯಾರು.