ನರದ ಕಸಿ

ಬೆರಳಿಗೆ ಮುಳ್ಳು ಚುಚ್ಚಿದೊಡನೆ ಕೈಯನ್ನು ಹಿಂದೆಳೆದುಕೊಳ್ಳುತ್ತೇವೆ. ನೋವಿನ ಸುದ್ದಿಯನ್ನು ಒಯ್ಯುವುವೂ, ಸ್ನಾಯುಗಳಿಗೆ ಆಜ್ಞೆಯನ್ನು ತರುವುವೂ ನರಗಳೇ. ಕುಡುಗೋಲಿನಿಂದಲೋ ಒಡೆದ ಗಾಜಿನಿಂದಲೋ ಮಣಿಕಟ್ಟಿನ ನರ ತುಂಡಾಯಿತೆನ್ನಿ. ಚರ್ಮದ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಬೆರಳುಗಳು ಮಾತ್ರ ಬಿಸಿಯನ್ನೂ ತಂಪನ್ನೂ ಅರಿಯದೆ, ಅಂಗಿಯ ಗುಂಡಿ ಹಾಕಲಾರದೆ ಉಳಿಯುತ್ತವೆ. ಇಂಥ ಕೈಗೆ ಅರಿವು ಮರಳೀತೆ?

ನರವೆಂದರೆ ಸಾವಿರಾರು ಎಳೆಗಳ ಹುರಿ. ಪ್ರತಿಯೊಂದು ಎಳೆಯೂ ಬೆನ್ನುಹುರಿಯಲ್ಲಿ ಅಥವಾ ಅದರ ಮಗ್ಗುಲಲ್ಲಿರುವ ಜೀವಕೋಶವೊಂದರ ನೀಳವಾದ ಬಾಹು. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಆಂಗ್ಲ ವಿಜ್ಞಾನಿ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ತಾಯಿಕೋಶದಿಂದ ಬೇರ್ಪಟ್ಟ ಭಾಗ ಶಿಥಿಲವಾಗುವುದನ್ನು ತೋರಿಸಿದನು. ಎಳೆ ಸತ್ತರೂ ಅದರ ಕೊಳವೆ ಉಳಿಯುತ್ತದೆ. ಅಲ್ಲಿನ ಷ್ವಾನ್ ಕೋಶಗಳು ಕಸವನ್ನು ತೆಗೆಯಲು ನೆರವಾಗಿ, ಸಾಲುಗಟ್ಟಿ ನಿಂತು ದಾರಿ ಮಾಡಿಕೊಡುತ್ತವೆ. ಮೇಲಿನ ತುಂಡಿನಿಂದ ಚಿಗುರಿದ ಎಳೆ ಆ ದಾರಿಯಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್ ಸಾಗುತ್ತದೆ.

ತುದಿಗಳೆರಡೂ ಸಲೀಸಾಗಿ ಕೂಡುವಂತಿದ್ದರೆ ಹೊಲಿದರಾಯಿತು. ನಡುವೆ ನಾಲ್ಕೈದು ಸೆಂಟಿಮೀಟರ್ ನಷ್ಟವಾಗಿದ್ದರೆ? ಎಳೆದು ಹೊಲಿದರೆ ರಕ್ತಸಂಚಾರ ಕುಗ್ಗುತ್ತದೆ. ಹಾಗೆಯೇ ಬಿಟ್ಟರೆ ಚಿಗುರುಗಳು ದಾರಿಗಾಣದೆ ಸುತ್ತಿಕೊಂಡು ನೋಯುವ ಗಂಟಾಗುತ್ತವೆ. ಕಸಿಯ ಅಗತ್ಯ ಇಲ್ಲಿಯದು. ಸೂಕ್ಷ್ಮದರ್ಶಕದಡಿಯಲ್ಲಿ, ಎಳೆತವಿಲ್ಲದಂತೆ, ಕಂತೆ ಕಂತೆಗೂ ತೆಳುನರದ ತುಂಡುಗಳನ್ನು ಕೂಡಿಸುವ ವಿಧಾನವನ್ನು ವಿಯೆನ್ನಾದ ಹಾನೊ ಮಿಲ್ಲೆಸಿಯೂ ಸಂಗಡಿಗರೂ 1972ರಲ್ಲಿ ಪ್ರಕಟಿಸಿದರು. ತುಂಡುಗಳನ್ನು ಸಾಮಾನ್ಯವಾಗಿ ರೋಗಿಯದೇ ಮೀನಖಂಡದ ಹಿಂಬದಿಯ ಸ್ಯೂರಲ್ ನರದಿಂದ ತೆಗೆಯುತ್ತಾರೆ. ಅದು ಸ್ಪರ್ಶದ ನರ. ನಡಿಗೆ ಕುಂದುವುದಿಲ್ಲ, ಪಾದದ ಹೊರ ಅಂಚು ಮರಗಟ್ಟುತ್ತದೆ. ಕೈಯ ಅರಿವಿಗಾಗಿ ಕಾಲು ತೆರುವ ಬೆಲೆಯಿದು.

ಮಾವಿನ ಕಸಿಯಲ್ಲಿ ಕಟ್ಟಿದ ಕುಡಿಯೇ ಬೆಳೆದು ಫಲ ಕೊಡುತ್ತದೆ. ನರದ ಕಸಿ ಹಾಗಲ್ಲ. ಇಟ್ಟ ತುಂಡಿನ ಎಳೆಗಳು ಸಾಯುತ್ತವೆ. ಉಳಿದ ಕೊಳವೆಗಳೂ ಷ್ವಾನ್ ಕೋಶಗಳೂ ಹೊಸ ಬಳ್ಳಿಗೆ ಚಪ್ಪರವಾಗುತ್ತವೆ. ಪರರ ನರವನ್ನು ದೇಹ ಒಲ್ಲದು; ಆದುದರಿಂದ ಜೀವಕೋಶಗಳನ್ನು ತೊಳೆದು ತೆಗೆದ ದಾನದ ನರವನ್ನು ಈಗ ಕಿರಿಯ ಅಂತರಗಳಿಗೆ ಬಳಸುವುದುಂಟು.

ಕಾಲದ ಲೆಕ್ಕ ಮಾತ್ರ ನಿಷ್ಠುರವಾದುದು. ಮೊಣಕೈಯಿಂದ ಅಂಗೈಗೆ 30 ಸೆಂಟಿಮೀಟರ್ ಎಂದರೆ 300 ದಿನಗಳ ಪಯಣ. ಆಜ್ಞೆಯಿಲ್ಲದ ಸ್ನಾಯುವಾದರೋ 12ರಿಂದ 18 ತಿಂಗಳುಗಳಲ್ಲಿ ಚೇತರಿಸಲಾರದಷ್ಟು ಸೊರಗುತ್ತದೆ. ಗಾಯ ಮಾಯಿತೆಂದು ಸುಮ್ಮನಿರುವವರು ಕಳೆದುಕೊಳ್ಳುವುದು ಈ ದಿನಗಳನ್ನೇ.

ವೈದ್ಯರು ನರದ ಜಾಡಿನಲ್ಲಿ ಬೆರಳಿನಿಂದ ತಟ್ಟಿ ನೋಡುತ್ತಾರೆ. ಚಿಗುರಿನ ತುದಿ ಬಂದಿರುವೆಡೆ ಜುಮ್ಮೆನ್ನುತ್ತದೆ. ಆ ಜುಮ್ಮು ತಿಂಗಳು ತಿಂಗಳಿಗೆ ಕೆಳಗಿಳಿದರೆ ಅದು ಶುಭಸೂಚನೆ. ಕೆಲವು ಎಳೆಗಳು ಅನ್ಯರ ಮನೆಯನ್ನು ಹೊಗುವುದೂ ಉಂಟು. ಆಗ ಮಿದುಳು ಸ್ಪರ್ಶದ ಭಾಷೆಯನ್ನು ಮೊದಲಿನಿಂದ ಕಲಿಯಬೇಕು. ಮಕ್ಕಳು ಬೇಗ ಕಲಿಯುತ್ತಾರೆ. ವಯಸ್ಕರು ಕಣ್ಣು ಮುಚ್ಚಿ ನಾಣ್ಯವಾವುದು, ಬೀಗದ ಕೈ ಯಾವುದು ಎಂದು ತಡವಿ ತಡವಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಾಗುತ್ತದೆ. ಶಸ್ತ್ರವೈದ್ಯ ದಾರಿ ಹಾಕಬಲ್ಲ. ನಡೆಯಬೇಕಾದದ್ದು ಆ ಎಳೆ, ಕಾಯಬೇಕಾದವನು ಆ ಮನುಷ್ಯ.